ಅಮ್ಮನ ಆರೈಕೆಗೆ ದುಡ್ಡು ಎಲ್ಲಿಂದ: ಮನೆಯಲ್ಲಾ, ಕೇರ್ ಹೋಮಾ, ಪಿಂಚಣಿಯಾ, ತೋಟಾನಾ?

ತುಮಕೂರಿನಲ್ಲಿ ಯಾರ ಹತ್ತಿರವಾದರೂ "ಅಮ್ಮನನ್ನು ನರ್ಸಿಂಗ್ ಹೋಮಿಗೆ ಸೇರಿಸಬೇಕು ಅಂತಿದ್ದೇವೆ" ಅಂದರೆ "ಅಯ್ಯೋ, ಏನಾಯ್ತು? ಡಿಸ್ಚಾರ್ಜ್ ಯಾವಾಗ?" ಅಂತ ಕೇಳುತ್ತಾರೆ. ನಮ್ಮ ಕಡೆ ನರ್ಸಿಂಗ್ ಹೋಮ್ ಅಂದರೆ ಹೆರಿಗೆ, ಅಪೆಂಡಿಕ್ಸ್ ಆಪರೇಷನ್ ಆಗುವ ಸಣ್ಣ ಆಸ್ಪತ್ರೆ. ವೃದ್ಧಾಶ್ರಮ ಬೇರೆ. ಅಲ್ಲಿ ಬಹಳ ಕಡೆ ತಾವೇ ಎದ್ದು ಓಡಾಡುವ, ತಾವೇ ಸ್ನಾನ ಮಾಡುವ ಹಿರಿಯರನ್ನಷ್ಟೇ ಸೇರಿಸಿಕೊಳ್ಳುತ್ತಾರೆ. ಹಾಸಿಗೆ ಹಿಡಿದವರನ್ನು ತಿಂಗಳುಗಟ್ಟಲೆ ನೋಡಿಕೊಳ್ಳುವ ಜಾಗಕ್ಕೆ ಕೇರ್ ಹೋಮ್ ಅನ್ನುತ್ತಾರೆ. ಫೋನ್ ಮಾಡಿ ದರ ಕೇಳುವಾಗ ಈ ಮೂರನ್ನು ಕಲಸಿಕೊಂಡರೆ ಸಿಗುವ ಲೆಕ್ಕವೆಲ್ಲ ತಪ್ಪು. ನಾನು ಒಂದು ವಾರ ಹಾಗೇ ಕಳೆದೆ.

ನಮ್ಮ ಕಥೆ ಇಷ್ಟು. ಅಮ್ಮನಿಗೆ 2022ರಲ್ಲಿ ಲಕ್ವ ಹೊಡೆದು ಬಲಗೈ, ಬಲಗಾಲು ಹೋಯಿತು. ಮಾತು ಸ್ವಲ್ಪ ಇದೆ, ಬುದ್ಧಿ ಪೂರ್ತಿ ಇದೆ, ಸಿಟ್ಟು ಮೊದಲಿಗಿಂತ ಜಾಸ್ತಿ ಇದೆ. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದವರು, ಈಗ ಇಲ್ಲ. ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತದೆ. ಗುಬ್ಬಿ ಕಡೆ ಎರಡೂವರೆ ಎಕರೆ ತೆಂಗಿನ ತೋಟ, ಊರಲ್ಲಿ ಒಂದು ಮನೆ. ಅಕ್ಕ ಅಮ್ಮನ ಜೊತೆಗೇ ಇದ್ದಾಳೆ. ನಾನು ದಿನಾ ರೈಲು ಹಿಡಿದು ಯಶವಂತಪುರಕ್ಕೆ ಹೋಗಿ ಬರುವವನು, ತಮ್ಮ ಬೆಂಗಳೂರಿನಲ್ಲೇ ಇದ್ದಾನೆ. ಈ ಜಿಲ್ಲೆಯ ಅರ್ಧ ಮನೆಗಳ ಕಥೆ ಹೆಚ್ಚುಕಮ್ಮಿ ಇದೇ ಅಲ್ವಾ.

ಆಸ್ಪತ್ರೆಯಿಂದ ಬಂದ ಮೊದಲ ತಿಂಗಳು ನಾವು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. "ಎಷ್ಟು ಖರ್ಚಾಗುತ್ತೆ?" ಅಂತ ಕೇಳಿದೆವು. "ಎಷ್ಟು ದಿನ?" ಅಂತ ಕೇಳಬೇಕಿತ್ತು. ಆಪರೇಷನ್ ಖರ್ಚಾದರೆ ಒಂದೇ ಸಲ, ಸಾಲವೋ ಸೋಲವೋ ಮಾಡಿ ಕಟ್ಟಿ ಮುಗಿಸಬಹುದು. ಆರೈಕೆ ಹಾಗಲ್ಲ, ಹಾಲಿನವನ ಬಿಲ್ಲಿನ ಹಾಗೆ ಪ್ರತಿ ತಿಂಗಳೂ ಬರುತ್ತದೆ. ಅದು ಆರು ತಿಂಗಳೋ ಹತ್ತು ವರ್ಷವೋ ಯಾವ ಡಾಕ್ಟರೂ ಹೇಳುವುದಿಲ್ಲ, ಹೇಳಿ ಅಂತ ಕೇಳುವುದೂ ಚೆನ್ನಾಗಿರುವುದಿಲ್ಲ. ಹಾಗಾಗಿ ಕೆಳಗಿನ ಒಂದೊಂದು ದಾರಿಯನ್ನೂ ನಾನು ಒಂದೇ ಅಳತೆಯಲ್ಲಿ ನೋಡುತ್ತೇನೆ. ತಿಂಗಳ ಖರ್ಚಿಗೆ ತಿಂಗಳ ದುಡ್ಡು ಇದೆಯಾ, ಇಲ್ವಾ?

ಮೂರು ದಾರಿ, ನಮಗೆ ಬಿದ್ದ ಲೆಕ್ಕ

ಇವು ನಮಗೆ ಹೇಳಿದ, ನಾವು ಕೊಟ್ಟ ದರಗಳು. ನಿಮ್ಮ ಬೀದಿಯಲ್ಲಿ ಬೇರೆ ಇರಬಹುದು.

ಎಲ್ಲ ದಾರಿಗೂ ಸಮನಾದ ಖರ್ಚು ಮೊದಲು. ಡೈಪರ್ ದಿನಕ್ಕೆ ಮೂರು, ಒಂದಕ್ಕೆ 40 ರೂಪಾಯಿ ಹಿಡಿದರೆ ತಿಂಗಳಿಗೆ 3,600. ಫಿಸಿಯೋ ವಾರಕ್ಕೆ ಮೂರು ಸಲ, ಸಲಕ್ಕೆ 500, ಅಂದರೆ 6,000. ಮಾತ್ರೆ 2,800. ಇದೇ 12,400 ಆಯಿತು. ಅಮ್ಮ ಎಲ್ಲಿದ್ದರೂ ಇದು ತಪ್ಪುವುದಿಲ್ಲ. ಕೇರ್ ಹೋಮಿನವರು ದರ ಹೇಳುವಾಗ ಇದನ್ನು ಬಿಟ್ಟು ಹೇಳುತ್ತಾರೆ ಅನ್ನುವುದನ್ನು ಈಗಲೇ ತಲೆಯಲ್ಲಿಟ್ಟುಕೊಳ್ಳಿ.

ಮೊದಲನೇ ದಾರಿ, ಏಜೆನ್ಸಿಯಿಂದ 24 ಗಂಟೆ ಮನೆಯಲ್ಲೇ ಇರುವ ಅಟೆಂಡರ್. ನಮಗೆ 30,000 ಹೇಳಿದರು. ಊಟ, ತಿಂಡಿ, ಮಲಗಲು ಜಾಗ ನಮ್ಮದು, ಅದಕ್ಕೊಂದು 2,000 ಸೇರಿಸಿ. ಒಟ್ಟು 44,400. ಹುಡುಗಿ ಒಳ್ಳೆಯವಳು, ಅಮ್ಮನಿಗೆ ಹೊಂದಿಕೊಂಡಿದ್ದಳು. ಯುಗಾದಿಗೆ ನಾಲ್ಕು ದಿನ ಅಂತ ಊರಿಗೆ ಹೋದವಳು ವಾಪಸ್ ಬರಲಿಲ್ಲ. ಏಜೆನ್ಸಿ ಇನ್ನೊಬ್ಬಳನ್ನು ಕಳಿಸಲು ಒಂಬತ್ತು ದಿನ ತೆಗೆದುಕೊಂಡಿತು. ಬಂದವಳಿಗೆ ರೋಗಿಯನ್ನು ಮಗ್ಗುಲು ತಿರುಗಿಸುವುದೇ ಗೊತ್ತಿರಲಿಲ್ಲ. ಆ ಒಂಬತ್ತು ದಿನದ ದುಡ್ಡನ್ನೂ ಬಿಲ್ಲಿನಲ್ಲಿ ಸೇರಿಸಿದ್ದರು, ಜಗಳ ಆಡಿದ ಮೇಲೆ ಬಿಟ್ಟರು. ಹಾಗಾಗಿ ಬದಲಿ ಆಳು ಎಷ್ಟು ದಿನದಲ್ಲಿ, ಆಳಿಲ್ಲದ ದಿನದ ದುಡ್ಡು ಯಾರದು ಅನ್ನುವುದನ್ನು ಮೊದಲೇ ಬರೆಸಿಕೊಳ್ಳಿ.

ಎರಡನೇ ದಾರಿ, ಹತ್ತಿರದ ಹಳ್ಳಿಯಿಂದ ಬೆಳಗ್ಗೆ ಎಂಟಕ್ಕೆ ಬಂದು ಸಂಜೆ ಏಳಕ್ಕೆ ಹೋಗುವ ಹೆಂಗಸು. 14,000. ಸಮನಾದ ಖರ್ಚು ಸೇರಿಸಿದರೆ 26,400. ಕಾಗದದ ಮೇಲೆ ಇದೇ ಅಗ್ಗ. ನಾವು ಇದನ್ನೇ ಆರಿಸಿಕೊಂಡೆವು, ಮೂರು ತಿಂಗಳು ಬಹಳ ಬುದ್ಧಿವಂತರು ಅಂತ ನಮ್ಮ ಬೆನ್ನು ನಾವೇ ತಟ್ಟಿಕೊಂಡೆವು.

ಆಮೇಲೆ ಒಂದು ಭಾನುವಾರ ಅಕ್ಕ ಹೊಲಿಗೆ ಮಷಿನ್ನಿನ ಮೇಲಿದ್ದ ಬಟ್ಟೆಯ ಗಂಟನ್ನು ಎತ್ತಿ ಒಳಗೆ ಇಟ್ಟಳು. ಬ್ಲೌಸಿನ ಕೆಲಸ ಬಿಟ್ಟಿದ್ದೇನೆ, ರಾತ್ರಿ ಮೂರು ಸಲ ಎದ್ದರೆ ಬೆಳಗ್ಗೆ ಕಣ್ಣು ಕಾಣುವುದಿಲ್ಲ, ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ ಅಂದಳು. ಗೊಣಗಿದ್ದಲ್ಲ, ಸುಮ್ನೆ ಹೇಳಿದಳು ಅಷ್ಟೇ. ಹೊಲಿಗೆಯಿಂದ ಅವಳಿಗೆ ತಿಂಗಳಿಗೆ 9,000ದ ಹತ್ತಿರ ಬರುತ್ತಿತ್ತು. ನಾನೂ ತಮ್ಮನೂ ಮುಖ ಮುಖ ನೋಡಿಕೊಂಡೆವು. ರಾತ್ರಿಗೆ ಮಾತ್ರ ಬರುವವರ ದರ ಕೇಳಿದ್ದೆವಲ್ಲ, 13,000. ಅಷ್ಟು ಕೆಲಸವನ್ನು ಅಕ್ಕ ಪುಕ್ಕಟೆ ಮಾಡುತ್ತಾ, ಮೇಲೆ ತನ್ನ 9,000 ಕಳೆದುಕೊಂಡಿದ್ದಳು. 26,400 ಅನ್ನುವುದು ಅಗ್ಗವೇ ಅಲ್ಲ, ಒಬ್ಬಳ ನಿದ್ದೆಯಲ್ಲಿ ಬರೆದಿಟ್ಟ ಸಾಲ. ಮಗಳೋ ಸೊಸೆಯೋ ನೋಡಿಕೊಳ್ಳುತ್ತಾಳೆ, ಖರ್ಚೇನಿಲ್ಲ ಅಂತ ಹೇಳುವ ಮನೆಗಳಲ್ಲೆಲ್ಲ ಈ ಸಾಲ ಇರುತ್ತದೆ. ಈಗ ನಾವು ಪ್ರತಿ ತಿಂಗಳು ಐದನೇ ತಾರೀಖು ಅಕ್ಕನ ಖಾತೆಗೆ 9,000 ಹಾಕುತ್ತೇವೆ. "ಅಮ್ಮನ್ನ ನೋಡ್ಕೊಳ್ಳೋಕೆ ದುಡ್ಡು ತಗೊಳ್ಳೋದಾ" ಅಂತ ಅವಳು ಅತ್ತಳು. ನಾವು ಹಾಕುವುದನ್ನು ನಿಲ್ಲಿಸಲಿಲ್ಲ. ಹಾಗೆ ನಮ್ಮ ನಿಜವಾದ ಖರ್ಚು 35,400.

ಮೂರನೇ ದಾರಿ, ಕೇರ್ ಹೋಮ್. ಅಕ್ಕ ಮಗಳ ಬಾಣಂತನಕ್ಕೆ ಮೂರು ತಿಂಗಳು ಹೋಗಬೇಕಾದಾಗ ಅಮ್ಮನನ್ನು ಬೆಂಗಳೂರಿನ ಹೊರವಲಯದ ಒಂದು ಕಡೆ ಇಟ್ಟಿದ್ದೆವು. ಹೇಳಿದ ದರ 42,000, ಇಬ್ಬರು ಇರುವ ಕೋಣೆ. ಅಡ್ವಾನ್ಸ್ 1 ಲಕ್ಷ, ಅದರಲ್ಲಿ ಒಂದು ತಿಂಗಳಿನದು ವಾಪಸ್ ಬರುವುದಿಲ್ಲ. ಮೊದಲ ಬಿಲ್ 56,000 ಬಂತು. ಡೈಪರ್, ಗ್ಲೌಸ್, ಫಿಸಿಯೋ, ಡಾಕ್ಟರ್ ಬಂದು ಹೋದದ್ದು, ಎಲ್ಲ ಬೇರೆ ಬೇರೆ. ಡೈಪರ್ ಹೊರಗಿಂದ ತಂದುಕೊಡುತ್ತೇವೆ ಅಂದರೆ ಬೇಡ ಅಂದರು. ಎರಡನೇ ತಿಂಗಳು ಬೆನ್ನಿನಲ್ಲಿ ಕೆಂಪು ಕಂಡಿತು, ಹಾಸಿಗೆ ಹುಣ್ಣಿನ ಶುರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿ ಹನ್ನೆರಡು ಜನಕ್ಕೆ ಇಬ್ಬರೇ ಇದ್ದರೆ ಎಲ್ಲಿ ಆಗುತ್ತದೆ?

ಆದರೆ ಒಂದು ಮಾತು ಹೇಳಲೇಬೇಕು. ಅಮ್ಮ ಅಲ್ಲಿ ಖುಷಿಯಾಗಿದ್ದಳು. ಪಕ್ಕದ ಹಾಸಿಗೆಯಲ್ಲಿ ಮಂಡ್ಯದ ಕಡೆಯ ಒಬ್ಬ ಅಜ್ಜಿ. ಇಬ್ಬರೂ ಒಂದೇ ಧಾರಾವಾಹಿ ನೋಡುತ್ತಾ ಅದರ ಅತ್ತೆಯನ್ನು ಬೈಯುತ್ತಿದ್ದರು. ಮನೆಯಲ್ಲಿ ನಮ್ಮ ಮುಖ ನೋಡಿ ನೋಡಿ ಬೇಜಾರಾಗಿತ್ತೇನೋ. ಫಿಸಿಯೋ ಕೂಡ ಅಲ್ಲಿ ಚೆನ್ನಾಗಿತ್ತು, ಹಿಡಿದುಕೊಂಡು ನಿಲ್ಲುವುದನ್ನು ಅಲ್ಲೇ ಕಲಿತಳು. ಹಾಗಾಗಿ ಕೇರ್ ಹೋಮ್ ಅಂದರೆ ಕೈಬಿಟ್ಟ ಹಾಗೆ ಅನ್ನುವ ನೆಂಟರ ಮಾತಿಗೆ ಕಿವಿ ಕೊಡಬೇಡಿ, ಆ ನೆಂಟರು ಒಂದು ರಾತ್ರಿಗೂ ಬರುವುದಿಲ್ಲ.

ನನ್ನ ತೀರ್ಪು: ಮನೆಯಲ್ಲಿ ಇರಲು ಒಬ್ಬರು ಒಪ್ಪಿ, ಅವರಿಗೆ ದುಡ್ಡು ಕೊಟ್ಟು, ಹಗಲಿಗೆ ಆಳು ಇಟ್ಟರೆ ಎರಡನೇ ದಾರಿ ಒಳ್ಳೆಯದು. ಮನೆಯಲ್ಲಿ ಯಾರೂ ಇಲ್ಲದೆ ಬರೀ ಅಟೆಂಡರ್ ಮೇಲೆ ಬಿಡುವುದಾದರೆ ಅದಕ್ಕಿಂತ ಕೇರ್ ಹೋಮ್ ವಾಸಿ. ಮರೆವಿನ ಕಾಯಿಲೆ ಇದ್ದು ಬಾಗಿಲು ತೆಗೆದು ಹೊರಟುಬಿಡುವವರಾದರೆ ಯೋಚನೆಯೇ ಬೇಡ, ರಾತ್ರಿಯೂ ಎಚ್ಚರ ಇರುವ ಜನ ಬೇಕು.

ದುಡ್ಡಿನ ಬುಟ್ಟಿಗಳು

ಅಮ್ಮನ ಕುಟುಂಬ ಪಿಂಚಣಿ 18,400. ಇದು ಎಲ್ಲಕ್ಕಿಂತ ಒಳ್ಳೆಯ ದುಡ್ಡು, ಯಾಕೆಂದರೆ ಅವಳು ಇರುವವರೆಗೂ ಬರುತ್ತದೆ, ಖರ್ಚು ಇರುವವರೆಗೂ ಇರುತ್ತದೆ. ನವೆಂಬರಿನಲ್ಲಿ ಜೀವಿತ ಪ್ರಮಾಣ ಪತ್ರ ಕೊಡುವುದನ್ನು ಮರೆತರೆ ನಿಲ್ಲುತ್ತದೆ. ಹಾಸಿಗೆ ಹಿಡಿದವರನ್ನು ಆಟೋದಲ್ಲಿ ಹೊತ್ತುಕೊಂಡು ಹೋಗಬೇಕಿಲ್ಲ, ಪೋಸ್ಟ್‌ಮ್ಯಾನ್ ಮನೆಗೇ ಬಂದು ಡಿಜಿಟಲ್ ಪತ್ರ ಮಾಡಿಕೊಡುತ್ತಾರೆ, 70 ರೂಪಾಯಿ.

ಎರಡನೆಯದು, ಅಪ್ಪ ಬಿಟ್ಟುಹೋದ 15 ಲಕ್ಷ. ಅದು ಎಫ್‌ಡಿಯಲ್ಲಿ ಮಲಗಿತ್ತು. 2023ರಲ್ಲಿ ತೆಗೆದು ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದೆವು. 60 ದಾಟಿದವರಿಗೆ, ಮಿತಿ 30 ಲಕ್ಷ, ಅವಧಿ ಐದು ವರ್ಷ. ನಾವು ಇಟ್ಟಾಗ ಬಡ್ಡಿ 8.2. ಮೂರು ತಿಂಗಳಿಗೊಮ್ಮೆ 30,750 ಬರುತ್ತದೆ, ತಿಂಗಳಿಗೆ ಹಂಚಿದರೆ 10,250. ಇದರ ಮಗ್ಗುಲಲ್ಲಿ ಪೋಸ್ಟ್ ಆಫೀಸಿನ ಮಾಸಿಕ ಆದಾಯ ಯೋಜನೆ ಇದೆ, ಒಬ್ಬರಿಗೆ 9 ಲಕ್ಷದ ಮಿತಿ, ಜಂಟಿಯಾದರೆ 15 ಲಕ್ಷ. ಬಡ್ಡಿ ಕಡಿಮೆ, ಆದರೆ ಪ್ರತಿ ತಿಂಗಳು ಬರುತ್ತದೆ. ಅಟೆಂಡರಿಗೆ ಮೂರು ತಿಂಗಳಿಗೊಮ್ಮೆ ಸಂಬಳ ಕೊಡಲು ಆಗುವುದಿಲ್ಲವಲ್ಲ, ಕೈಯಲ್ಲಿ ಬೇರೆ ದುಡ್ಡಿಲ್ಲದ ಮನೆಗೆ ಮಾಸಿಕ ಯೋಜನೆಯೇ ಸರಿ.

ಪಿಂಚಣಿ, ಬಡ್ಡಿ ಸೇರಿ 28,650. ಖರ್ಚು 35,400. ಕೊರತೆ 6,750. ಇದನ್ನು ನಾನು, ತಮ್ಮ ಹಂಚಿಕೊಂಡೆವು. ಅಕ್ಕನಿಂದ ದುಡ್ಡಿನ ಪಾಲು ತೆಗೆದುಕೊಳ್ಳುವುದಿಲ್ಲ. ಮೂರು ಜನ ಮಕ್ಕಳು, ಮೂರು ಪಾಲು ಅಂತ ಲೆಕ್ಕ ಹಾಕುವವರು ಇದ್ದಾರೆ. ಬಿದ್ದವರನ್ನು ಎತ್ತಿ ಕೂರಿಸುವವಳ ಹತ್ತಿರ ಅದೇ ಪಾಲು ಕೇಳುವುದು ನನಗಂತೂ ಸರಿ ಕಾಣಲಿಲ್ಲ. ಇಬ್ಬರೂ ತಲಾ 5,000 ಹಾಕುತ್ತೇವೆ, ಉಳಿದದ್ದು ಆಪತ್ತಿಗೆ.

ಈಗ ತೋಟ. ನಮ್ಮ ಕಡೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು "ತೋಟ ಇದೆಯಲ್ಲ" ಅಂತ. ಇದೆ. ಆದರೆ ತೋಟದ ದುಡ್ಡು ತಿಂಗಳ ದುಡ್ಡಲ್ಲ. ಉಂಡೆ ಕೊಬ್ಬರಿ ಮಾಡಬೇಕೆಂದರೆ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡಬೇಕು, ಒಳಗಿನ ನೀರು ಆರಿ, ಅಲ್ಲಾಡಿಸಿದರೆ ಗಡಗಡ ಅನ್ನುವವರೆಗೆ. ಬೆಲೆಯೂ ನಂಬುವ ಹಾಗಿಲ್ಲ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದು ರೈತರು ಬೀದಿಗಿಳಿದಿದ್ದರು. 2025ರಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ಇದ್ದರೆ ಮಾರುಕಟ್ಟೆಯಲ್ಲಿ 20,000 ದಾಟಿ ಹೋಯಿತು. 2023ರಲ್ಲಿ ಅಟೆಂಡರ್ ಸಂಬಳಕ್ಕೆ ಕೊಬ್ಬರಿ ಮಾರಿದವರು ಹೊಟ್ಟೆ ಉರಿದುಕೊಂಡು ಕೂತಿದ್ದಾರೆ. ಹಾಗಾಗಿ ಕೊಬ್ಬರಿ ದುಡ್ಡನ್ನು ನಾವು ದೊಡ್ಡ ಖರ್ಚಿಗೆ ಮಾತ್ರ ಇಟ್ಟಿದ್ದೇವೆ: ಗಾಳಿ ಹಾಸಿಗೆ, ಆಸ್ಪತ್ರೆ, ಆ ಮೂರು ತಿಂಗಳ ಕೇರ್ ಹೋಮ್. ತೋಟ ಮಾರುವುದು ಕೊನೆಗೆ. ಮಾರಿದರೂ ಬಂದ ದುಡ್ಡನ್ನು ಬಡ್ಡಿ ಬರುವ ಕಡೆ ಇಡದೆ ಉಳಿತಾಯ ಖಾತೆಯಿಂದ ತೆಗೆದು ತೆಗೆದು ತಿಂದರೆ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ.

ಮನೆಯ ಮೇಲೆ ದುಡ್ಡು ತೆಗೆಯುವುದು ಇನ್ನೊಂದು ದಾರಿ, ರಿವರ್ಸ್ ಮಾರ್ಟ್‌ಗೇಜ್. ಹಿರಿಯರು ತಾವು ವಾಸವಿರುವ ಸ್ವಂತ ಮನೆಯನ್ನು ಬ್ಯಾಂಕಿಗೆ ಅಡ ಇಟ್ಟರೆ ಬ್ಯಾಂಕೇ ತಿಂಗಳಾ ತಿಂಗಳಾ ದುಡ್ಡು ಕೊಡುತ್ತದೆ, ಅವರು ಇರುವವರೆಗೆ ಕಂತು ಕಟ್ಟುವ ಹಾಗಿಲ್ಲ, ಬಂದ ದುಡ್ಡಿಗೆ ತೆರಿಗೆಯೂ ಇಲ್ಲ. ಕೇಳಲು ನಮಗೇ ಅಂತ ಹೊಲಿದ ಅಂಗಿಯ ಹಾಗಿದೆ. ನಾನು ಬ್ಯಾಂಕಿನಲ್ಲಿ ಕೇಳಿದಾಗ ಕೌಂಟರಿನ ಹುಡುಗ "ಏನು ಸಾರ್, ಇನ್ನೊಂದು ಸಲ ಹೇಳಿ" ಅಂದ. ಅದಿರಲಿ, ಅದರಲ್ಲೊಂದು ಗಂಟು ಇದೆ. ಹಿರಿಯರು ಆ ಮನೆಯಲ್ಲಿ ವಾಸ ಇರಬೇಕು. ಖಾಯಂ ಆಗಿ ಕೇರ್ ಹೋಮಿಗೋ ಮಕ್ಕಳ ಮನೆಗೋ ಹೋಗಿ, ಸಾಮಾನ್ಯವಾಗಿ ಒಂದು ವರ್ಷ ಆ ಮನೆಯಲ್ಲಿ ಇರಲಿಲ್ಲವೆಂದರೆ, ಸಾಲ ಪೂರ್ತಿ ತೀರಿಸಬೇಕಾಗುತ್ತದೆ. ಅಂದರೆ ಮನೆಯಲ್ಲೇ ಆರೈಕೆ ಮಾಡುವವರಿಗೆ ಇದು ದಾರಿ, ಕೇರ್ ಹೋಮಿನ ಬಿಲ್ ಕಟ್ಟಲು ಅಲ್ಲ. ಕೇರ್ ಹೋಮಿಗೆ ಹೋದರೆ ಮನೆಯನ್ನು ಬಾಡಿಗೆಗೆ ಕೊಡುವುದೇ ಸುಲಭ. ಅದೂ ತಿಂಗಳ ದುಡ್ಡೇ.

ಮೆಡಿಕ್ಲೇಮ್ ಇದೆ, ಚಿಂತೆ ಇಲ್ಲ ಅಂದುಕೊಂಡವರಿಗೆ: ಅದು ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ಮಾತ್ರ. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಡೈಪರ್ ಬದಲಿಸುವುದು ಅದರ ಲೆಕ್ಕಕ್ಕೆ ಬರುವುದಿಲ್ಲ. ಡಿಸ್ಚಾರ್ಜ್ ಆದ ಮೇಲೆ ಬಹಳ ಪಾಲಿಸಿಗಳಲ್ಲಿ 60 ಇಲ್ಲವೇ 90 ದಿನದ ಔಷಧ, ಫಿಸಿಯೋ ಬಿಲ್ ಸಿಗುತ್ತದೆ. ಆ ಬಿಲ್‌ಗಳನ್ನು ನಾವು ಕಸದ ಬುಟ್ಟಿಗೆ ಹಾಕಿದ್ದೆವು, ನೀವು ಹಾಕಬೇಡಿ. 70 ದಾಟಿದವರಿಗೆ ಅಂತ 2024ರಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ಆಯುಷ್ಮಾನ್‌ನ 5 ಲಕ್ಷವೂ ಆಸ್ಪತ್ರೆಗೇ, ಮನೆಯ ಆರೈಕೆಗಲ್ಲ.

ಪಿಂಚಣಿ, ಆಸ್ತಿ ಯಾವುದೂ ಇಲ್ಲದ ಮನೆಗೆ 65 ದಾಟಿದವರ ಸಂಧ್ಯಾ ಸುರಕ್ಷಾ ಇದೆ, ತಿಂಗಳಿಗೆ 1,200. ನಾಡಕಚೇರಿಯಲ್ಲಿ ಅರ್ಜಿ. ಮೇಲಿನ ಲೆಕ್ಕದ ಪ್ರಕಾರ ಹತ್ತು ದಿನದ ಡೈಪರ್ ಅದು. ಆದರೂ ಹಾಕಿ, ಬಿಡಬೇಡಿ.

ತೆರಿಗೆ ವಿಚಾರ ಬೇಗ ಮುಗಿಸುತ್ತೇನೆ. ಹಳೇ ಪದ್ಧತಿಯಲ್ಲಿ ರಿಟರ್ನ್ಸ್ ಹಾಕುವವರಿಗೆ ಮಾತ್ರ ಉಪಯೋಗ. ವಿಮೆ ಇಲ್ಲದ ಹಿರಿಯ ತಂದೆ ತಾಯಿಯ ಔಷಧ, ಚಿಕಿತ್ಸೆಯ ಖರ್ಚಿಗೆ ವರ್ಷಕ್ಕೆ 50,000ದವರೆಗೆ ವಿನಾಯಿತಿ ಇದೆ, ನಗದಾಗಿ ಕೊಟ್ಟಿರಬಾರದು. ಅಂಗವೈಕಲ್ಯದ ಸರ್ಟಿಫಿಕೇಟ್ ಇದ್ದರೆ 75,000, ತೀವ್ರವಾದರೆ 1,25,000. ಆದರೆ ಈ ಸರ್ಟಿಫಿಕೇಟಿನ ವಿನಾಯಿತಿಗೆ ಅವರು ನಿಮ್ಮನ್ನೇ ಅವಲಂಬಿಸಿರಬೇಕು. ನಮ್ಮಮ್ಮನ ಆದಾಯವೇ ವರ್ಷಕ್ಕೆ 3 ಲಕ್ಷ ದಾಟುತ್ತದೆ, ಅದಕ್ಕೇ ನಾವು ಕೇಳಲಿಲ್ಲ.

ಹೆಬ್ಬೆಟ್ಟು, ಪತ್ರ, ಪಾಲು

ಇಷ್ಟೆಲ್ಲ ಬುಟ್ಟಿ ಇದ್ದರೂ ಅದಕ್ಕೆ ಕೈ ಹಾಕಲು ಅಮ್ಮನ ಸಹಿ ಬೇಕು. ಅಮ್ಮನ ಬಲಗೈ ಹೋಗಿತ್ತು. ಎಫ್‌ಡಿ ಮುರಿಸಲು ಹೋದಾಗ ಸಹಿ ಹೊಂದುವುದಿಲ್ಲ ಅಂತ ಎರಡು ಸಲ ವಾಪಸ್ ಕಳಿಸಿದರು. ಸಹಿ ಮಾಡಲಾಗದ ರೋಗಿಗಳು ಹೆಬ್ಬೆಟ್ಟು ಒತ್ತಬಹುದು, ಕೈ ಆಗದಿದ್ದರೆ ಕಾಲಿನ ಹೆಬ್ಬೆರಳೂ ಆಗುತ್ತದೆ, ಇಬ್ಬರು ಸಾಕ್ಷಿ ಬೇಕು, ಅವರಲ್ಲೊಬ್ಬರು ಬ್ಯಾಂಕಿನ ಅಧಿಕಾರಿ ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಅದನ್ನು ಹೇಳಿದ ಮೇಲೆ ಒಬ್ಬ ಅಧಿಕಾರಿ ಒಂದು ಮಧ್ಯಾಹ್ನ ಮನೆಗೆ ಬಂದರು. ಅಮ್ಮ ಎಡಗೈ ಚಾಚಿದಳು. ಇಂಕ್ ಪ್ಯಾಡ್ ಒಣಗಿತ್ತು, ಅಕ್ಕ ಒಳಗಿಂದ ಎರಡು ಹನಿ ನೀರು ತಂದು ಬಿಟ್ಟಳು. ಮೂವತ್ತು ವರ್ಷ ಮೇಷ್ಟ್ರ ಹೆಂಡತಿಯಾಗಿದ್ದವಳು, ಊರಿನ ಹೆಂಗಸರಿಗೆ ಕೂತು ಸಹಿ ಕಲಿಸಿದವಳು. ಒತ್ತಿ ಆದ ಮೇಲೆ ಬೆರಳನ್ನು ಸೆರಗಿನಲ್ಲಿ ಎಷ್ಟು ಹೊತ್ತು ಉಜ್ಜಿದಳು ಅಂದರೆ ಆ ಸೀರೆಯಲ್ಲಿ ಕಲೆ ಇನ್ನೂ ಇದೆ.

ಮರೆವಿನ ಕಾಯಿಲೆಯ ಮನೆಗಳಲ್ಲಿ ಇದು ಇನ್ನೂ ಕಷ್ಟ. ಪವರ್ ಆಫ್ ಅಟಾರ್ನಿ ಮಾಡಿಸಿದ್ದೇವೆ, ಸಾಕು ಅಂದುಕೊಳ್ಳುತ್ತಾರೆ. ಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಅದೂ ಬಿದ್ದುಹೋಗುತ್ತದೆ. ಆಮೇಲೆ ಪಾಲಕರನ್ನು ನೇಮಿಸಿ ಅಂತ ಕೋರ್ಟಿಗೆ ಅಲೆಯಬೇಕು. ಹಾಗಾಗಿ ಡಾಕ್ಟರ್ ಮರೆವು ಅಂತ ಹೇಳಿದ ವಾರವೇ ಖಾತೆಯನ್ನು "ಇಬ್ಬರಲ್ಲಿ ಯಾರಾದರೂ" ಅನ್ನುವ ಹಾಗೆ ಜಂಟಿ ಮಾಡಿಸಿ, ನಾಮಿನಿ ಬರೆಸಿ.

ಇನ್ನು ನೋಡಿಕೊಳ್ಳುತ್ತೇನೆ, ಮನೆ ನನ್ನ ಹೆಸರಿಗೆ ಮಾಡು ಅನ್ನುವ ಮಾತು. ಇದು ನಮ್ಮಲ್ಲೂ ಬಂತು, ಯಾರಿಂದ ಅಂತ ಬರೆಯುವುದಿಲ್ಲ. ಮಾಡಬಾರದು ಅಂತಲ್ಲ. ಮಾಡುವುದಾದರೆ ದಾನಪತ್ರದಲ್ಲೇ "ಕೊನೆಯವರೆಗೂ ಊಟ, ಔಷಧ, ಆರೈಕೆ ನೋಡಿಕೊಳ್ಳಬೇಕು" ಅಂತ ಷರತ್ತು ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನ ಪ್ರಕಾರ ಆ ಷರತ್ತು ಮುರಿದರೆ ಪತ್ರವನ್ನು ರದ್ದು ಮಾಡಿಸಬಹುದು. ಉಪವಿಭಾಗಾಧಿಕಾರಿಗಳ ಹತ್ತಿರ ಅರ್ಜಿ, ಈ ಜಿಲ್ಲೆಯಲ್ಲಿ ತುಮಕೂರು, ತಿಪಟೂರು, ಮಧುಗಿರಿ ಮೂರು ಕಡೆ ಇದ್ದಾರೆ. ದುಡ್ಡು ಕೊಡದ ಮಕ್ಕಳಿಂದ ಜೀವನಾಂಶವನ್ನೂ ಅಲ್ಲೇ ಕೇಳಬಹುದು. ಆದರೆ ಅದರ ಮಿತಿ ತಿಂಗಳಿಗೆ 10,000, ಮೇಲಿನ ಯಾವ ದಾರಿಗೂ ಸಾಲುವುದಿಲ್ಲ. ದಾರಿ ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಮಾಡಿ ಕೇಳಿ.

ಕೇರ್ ಹೋಮ್ ನೋಡಲು ಹೋಗುವವರಿಗೆ ಒಂದೇ ಕಿವಿಮಾತು. ಬೆಳಗ್ಗೆ ಹನ್ನೊಂದಕ್ಕೆ ಹೋಗಬೇಡಿ, ಆಗ ಎಲ್ಲ ಕಡೆಯೂ ಫಿನಾಯಿಲ್ ವಾಸನೆ, ನಗುಮುಖ. ರಾತ್ರಿ ಎಂಟರ ಮೇಲೆ ಹೇಳದೆ ಹೋಗಿ, ಎಷ್ಟು ಜನಕ್ಕೆ ಎಷ್ಟು ಆಳು ಅಂತ ಎಣಿಸಿ. ದರಪಟ್ಟಿ ಕೇಳಬೇಡಿ, ಹಾಸಿಗೆ ಹಿಡಿದ ಒಬ್ಬರ ಹೋದ ತಿಂಗಳ ಬಿಲ್ಲನ್ನು ಹೆಸರು ಮುಚ್ಚಿ ತೋರಿಸಿ ಅನ್ನಿ. ಆಸ್ಪತ್ರೆಗೆ ಸೇರಿಸಿದ ದಿನಗಳಲ್ಲೂ ಇಲ್ಲಿನ ಬಾಡಿಗೆ ಓಡುತ್ತದಾ, ವರ್ಷಕ್ಕೆ ಎಷ್ಟು ಏರಿಸುತ್ತೀರಿ, ಮಧ್ಯದಲ್ಲಿ ಬಿಟ್ಟರೆ ಅಡ್ವಾನ್ಸ್ ಎಷ್ಟು ದಿನಕ್ಕೆ ವಾಪಸ್, ಇಷ್ಟನ್ನು ಕಾಗದದ ಮೇಲೆ ತೆಗೆದುಕೊಳ್ಳಿ.

ನಮ್ಮ ಲೆಕ್ಕದ ಪುಸ್ತಕ ಈಗ ಅಕ್ಕನ ಹತ್ತಿರ ಇದೆ, ಹಿಂದೆ ಬ್ಲೌಸಿನ ಅಳತೆ ಬರೆಯುತ್ತಿದ್ದ ಅದೇ ಪುಸ್ತಕ. ಫಿಸಿಯೋದವರು ಇನ್ನು ವಾರಕ್ಕೆ ಎರಡು ಸಲ ಸಾಕು ಅಂದಿದ್ದಾರೆ, ತಿಂಗಳಿಗೆ 2,000 ಉಳಿಯುತ್ತದೆ. ಬಿಡಿಯಾಗಿ ಒಂದು ರಾತ್ರಿಗೆ ಬರಲು 500 ಕೇಳುತ್ತಾರೆ. ಅಲ್ಲಿಗೆ ವಾರಕ್ಕೆ ಒಂದು ರಾತ್ರಿ ಅಕ್ಕನಿಗೆ ರಜ. ಯಾವ ದಿನ ಬೇಕು ಅಂದಿದ್ದಕ್ಕೆ ಶನಿವಾರ ಅಂದಳು, ಆಮೇಲೆ ಶುಕ್ರವಾರ ಅಂದಳು, ಇನ್ನೂ ಯೋಚಿಸುತ್ತಿದ್ದಾಳೆ.